ಐವಾ ಡೀನ್ ತೋರಿಸಿದ ಕಲ್ಲು

ಲೆಡ್‌ಫೋರ್ಡ್ ಗ್ಯಾಪ್ ಎಂಬ ಬೆಟ್ಟದೂರಿನಲ್ಲಿ ಸಿಗ್ನಲ್ ದೀಪ ಇರುವುದು ಒಂದು, ಚರಿತ್ರೆಯ ಫಲಕಗಳಿರುವುದು ಏಳು. ಯಾವನೋ ಒಬ್ಬ ಜನರಲ್ ಇಲ್ಲಿನ ತೊರೆಯಲ್ಲಿ ಕುದುರೆಗೆ ನೀರು ಕುಡಿಸಿದನಂತೆ, ಅದಕ್ಕೊಂದು ಫಲಕ. ಒಬ್ಬ ಗವರ್ನರ್ ಜ್ವರ ಬಂದು ಎರಡು ದಿನ ಮಲಗಿದ್ದನಂತೆ, ಅದಕ್ಕೊಂದು. ಊರಾಚೆ ನಡೆದ ಕಾಳಗಕ್ಕೂ ಒಂದಿದೆ. ಆ ಕಾಳಗದಲ್ಲಿ ಸತ್ತದ್ದು ಒಂದೇ ಒಂದು ಹೇಸರಗತ್ತೆ ಎಂದು ಊರವರೇ ನಗುತ್ತಾರೆ. ಹೀಗೆ ಬಂದು ಹೋದವರಿಗೆಲ್ಲ ರಸ್ತೆ ಬದಿಯಲ್ಲಿ ಕಂಬ ನೆಟ್ಟು ಮರ್ಯಾದೆ ಮಾಡಿದ್ದಾರೆ. ಇಲ್ಲೇ ಹುಟ್ಟಿ, ಇಲ್ಲೇ ಮೆಕ್ಕೆಜೋಳ ಬಿತ್ತಿ, ಇಲ್ಲೇ ಕಣ್ಣು ಮುಚ್ಚಿದವರು ಮಾತ್ರ ಚರ್ಚಿನ ಹಿಂದಿನ ಗುಡ್ಡದಲ್ಲಿ, ಹೊಳೆಯಿಂದ ಹೊತ್ತು ತಂದು ನೆಟ್ಟ ಕಾಡುಗಲ್ಲುಗಳ ಕೆಳಗೆ ಮಲಗಿದ್ದಾರೆ. ಆ ಕಲ್ಲುಗಳ ಮೇಲೆ ಒಂದಕ್ಷರವೂ ಇಲ್ಲ.

ಅವರ ಪಾಲಿಗೆ ಫಲಕವೆಂದರೆ ಐವಾ ಡೀನ್ ಮೆಟ್‌ಕಾಫ್. ಮೂವತ್ತೊಂದು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ಚೀಲದ ಬೆರಳ ತುದಿ ಹೊಲಿದ ಹೆಂಗಸು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು, ಅವಳಿಗೆ ಎಪ್ಪತ್ತಾರು ತುಂಬಿತು. ಗುರುತು ಸಿಗದ ನಾಲ್ಕಾರು ಕಲ್ಲು ಬಿಟ್ಟರೆ, ಗುಡ್ಡದ ಮೇಲಿನ ಇನ್ನೂರ ಹನ್ನೆರಡು ಹೆಸರಿಲ್ಲದ ಸಮಾಧಿಗಳಲ್ಲಿ ಯಾವುದು ಯಾರದೆಂದು ಅವಳು ಒಂದು ಚೀಟಿಯೂ ಇಲ್ಲದೆ ಹೇಳಬಲ್ಲಳು. ಅದು ಅವಳಿಗೆ ಅಪ್ಪನಿಂದ ಬಂದ ವಿದ್ಯೆ. ಅಪ್ಪ ವಿಲ್ಬರ್ನ್‌ಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಊರಿನಲ್ಲಿ ಯಾರೇ ಸತ್ತರೂ ಗುಂಡಿ ತೋಡುವ ಗಂಡಸರು ಮೊದಲು ಅವನನ್ನು ಕರೆಯುತ್ತಿದ್ದರು. ಹೊಸಬರಿಗೆ ಜಾಗ ಮಾಡುವಾಗ ಹಳಬರ ಮೇಲೆ ಗುದ್ದಲಿ ಬೀಳಬಾರದಲ್ಲ. ಅವನ ಇಬ್ಬರು ಗಂಡುಮಕ್ಕಳು ಕಾರು ಮಾಡುವ ಕೆಲಸಕ್ಕೆಂದು ಮಿಶಿಗನ್‌ಗೆ ಹೊರಟುಹೋದದ್ದರಿಂದ ಕಲ್ಲುಗಳ ಸಾಲು ಮಗಳ ತಲೆಗೆ ಬಂತು. ಅಪ್ಪ ಸತ್ತಾಗ ಅವಳಿಗೆ ಇಪ್ಪತ್ತಮೂರು. ಅಂದಿನಿಂದ ಗುಡ್ಡದ ಮೇಲೆ ಅವಳು ಹೇಳಿದ್ದೇ ಮಾತು.

ಅವಳ ಮಾತಿಗೆ ಎಂಥ ಬೆಲೆಯಿತ್ತೆಂದರೆ, ಒಹಾಯೊದಿಂದ, ಮಿಶಿಗನ್‌ನಿಂದ ಮೊಮ್ಮಕ್ಕಳು ಕಾರು ಓಡಿಸಿಕೊಂಡು ಬಂದು ಅವಳ ಬಾಗಿಲು ತಟ್ಟುತ್ತಿದ್ದರು. ಅವಳು ಟೋಪಿ ಹಾಕಿಕೊಂಡು ಗುಡ್ಡ ಹತ್ತಿ, ಒಂದು ಕಲ್ಲಿನ ಮುಂದೆ ನಿಂತು, “ಇಗೋ, ನಿಮ್ಮಜ್ಜ” ಎನ್ನುತ್ತಿದ್ದಳು. ಅವರು ಅಲ್ಲೇ ಕೂತು ಅತ್ತು, ಹೋಗುವಾಗ ಅವಳಿಗೊಂದು ಬಾಟಲಿ ಸೇಬಿನ ಜ್ಯಾಮು ಕೊಡುತ್ತಿದ್ದರು. ಅವಳ ಗಂಡ ಹೋಬರ್ಟ್, ಸ್ಮಶಾನದ ಹುಲ್ಲು ಕತ್ತರಿಸುವ ಕೆಲಸವನ್ನು ಮದುವೆಯ ಜೊತೆಗೇ ಪಡೆದವನು, ಸಿಕ್ಕಿದವರ ಮುಂದೆಲ್ಲ ಹೇಳುತ್ತಿದ್ದ: “ಇವಳಿಗೆ ಬದುಕಿರೋರ ಹುಟ್ಟಿದ ದಿನ ಒಂದೂ ನೆನಪಿರಲ್ಲ. ನಾನೂ ಒಂದ್ಸಲ ಸತ್ತು ನೋಡ್ಬೇಕು, ಆಗ್ಲಾದ್ರೂ ನೆನಪಿಟ್ಕೊಳ್ತಾಳೋ ಏನೋ.”

ಇಂಥವಳ ಹತ್ತಿರ ಆ ವರ್ಷದ ಚಳಿಗಾಲದಲ್ಲಿ ರಾಯ್ಸ್ ಲೆಡ್‌ಫೋರ್ಡ್ ಬಂದ. ಔಷಧಿ ಅಂಗಡಿ ಮಾರಿ ವಿಶ್ರಾಂತಿಯಲ್ಲಿದ್ದ ಮನುಷ್ಯ. ಈಗ ಊರಿನ ಪರಂಪರೆ ಸಂಘದ ಅಧ್ಯಕ್ಷ. ಊರಿಗೆ ಹೆಸರು ಕೊಟ್ಟ ಆಬ್ನರ್ ಲೆಡ್‌ಫೋರ್ಡ್ ಅವನ ಏಳನೆಯ ತಲೆಯ ಅಜ್ಜ. ಇಂಗ್ಲೆಂಡಿನ ರಾಜನ ವಿರುದ್ಧ ಹೋರಾಡಿ, ಯುದ್ಧ ಮುಗಿದ ಮೇಲೆ ಈ ಕಣಿವೆಗೆ ಬಂದು ಮೊದಲ ಮನೆ ಕಟ್ಟಿದವನು. ಅವನ ಸಮಾಧಿಗೆ ಕಂಚಿನ ಫಲಕ ಹೊತ್ತ ಬಂಡೆಯೊಂದನ್ನು ನಿಲ್ಲಿಸಬೇಕೆಂದು ಸಂಘ ಗೊತ್ತು ಮಾಡಿತ್ತು. ಮೇ ತಿಂಗಳ ಸಿಂಗಾರದ ಭಾನುವಾರ, ಅಂದರೆ ಊರವರೆಲ್ಲ ಸಮಾಧಿಗಳ ಮೇಲೆ ಹೂವಿಟ್ಟು ಮರದ ಕೆಳಗೆ ಒಟ್ಟಿಗೆ ಉಣ್ಣುವ ದಿನ, ಅನಾವರಣ. ಫಲಕಕ್ಕೆಂದು ತುಂಬಬೇಕಾದ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಸಮಾಧಿ ಇಲ್ಲೇ ಇದೆ ಎಂಬುದಕ್ಕೆ ಆಧಾರವೇನು? ರಾಯ್ಸ್ ಅಲ್ಲಿ ‘ಐವಾ ಡೀನ್ ಮೆಟ್‌ಕಾಫ್ ಅವರ ಮಾತು’ ಎಂದು ಬರೆದುಕೊಂಡೇ ಬಂದಿದ್ದ. ನೀವು ಹೇಳಿದಿರಿ ಅಂದರೆ ಬೈಬಲಿನಲ್ಲಿ ಬರೆದ ಹಾಗೆ ಎಂದು ಅವನು ಹೊಗಳಿದ. ಅವಳು ನಾಚಿಕೊಂಡೇ ರುಜು ಹಾಕಿದಳು. ಒಳಗೆ ಹಿಗ್ಗದೆ ಇರಲಿಲ್ಲ, ಅದನ್ನು ಮುಚ್ಚಿಡುವುದೇಕೆ.

ಭಾನುವಾರಕ್ಕೆ ಇನ್ನು ಹನ್ನೊಂದು ದಿನವಿತ್ತು. ಬಂಡೆ ನಿಲ್ಲಿಸುವವರು ಬರುವ ಮೊದಲು ಜಾಗ ಹಸನು ಮಾಡೋಣವೆಂದು ಐವಾ ಡೀನ್ ಬೆಳಗ್ಗೆಯೇ ಗುಡ್ಡ ಹತ್ತಿದಳು. ಆಬ್ನರನ ಕಲ್ಲಿನ ಸುತ್ತ ನೀಲಿ ಹೂವಿನ ಬಳ್ಳಿ ನೆಲಕ್ಕೆ ಕಂಬಳಿ ಹೊದೆಸಿದಂತೆ ಹಬ್ಬಿತ್ತು. ಸ್ಮಶಾನದ ಬಳ್ಳಿ ಎಂದೇ ಅದಕ್ಕೆ ಹೆಸರು, ಎಷ್ಟು ಕಿತ್ತರೂ ಸಾಯುವುದಿಲ್ಲ. ಮಡಿಸಿದ ಗೋಣಿಯ ಮೇಲೆ ಮಂಡಿಯೂರಿ ಕೀಳತೊಡಗಿದಳು. ಬೇರಿನ ಜೊತೆ ಒಡೆದ ಪಿಂಗಾಣಿ ಚೂರುಗಳು ಬಂದವು, ಬಿಳಿಯದರ ಮೇಲೆ ನೀಲಿ ಗೀರಿನವು. ಹೋಬರ್ಟ್ ಪ್ರತಿ ಬೇಸಗೆಯೂ ಇವುಗಳಿಗೆ ಬೈಯುತ್ತಿದ್ದ, ಹುಲ್ಲು ಕತ್ತರಿಸುವ ಯಂತ್ರದ ಅಲಗು ಮುಕ್ಕಾಗುತ್ತದೆಂದು. ಯಾರೋ ಎಸೆದ ಕಸವೆಂದು ಅವಳೂ ಬಕೆಟ್ಟಿಗೆ ಹಾಕಿದಳು. ಆಮೇಲೆ ಕೈಗೆ ಕಲ್ಲಿನ ಅಂಚೊಂದು ತಾಕಿತು.

ಕೆರೆದು ನೋಡಿದರೆ ಅದು ಅಗಲವಾದ ಕಲ್ಲು, ನೆಲದಲ್ಲಿ ಪೂರ್ತಿ ಹೂತುಹೋಗಿತ್ತು. ಮೇಲಂಚನ್ನು ಯಾರೋ ಕೂತು ಉಜ್ಜಿ ದುಂಡಗೆ ಮಾಡಿದ್ದರು. ಅದು ಆಬ್ನರನ ಕಲ್ಲಿನ ಪೂರ್ವಕ್ಕಿತ್ತು, ನಡುವೆ ಒಂದು ಮೊಳವೂ ಇರಲಿಲ್ಲ. ಐವಾ ಡೀನ್ ಕೈ ನಿಲ್ಲಿಸಿದಳು. ಈ ಬೆಟ್ಟಗಳಲ್ಲಿ ಸತ್ತವರನ್ನು ಪಶ್ಚಿಮಕ್ಕೆ ತಲೆ, ಪೂರ್ವಕ್ಕೆ ಕಾಲು ಮಾಡಿ ಮಲಗಿಸುತ್ತಾರೆ. ಕೊನೆಯ ದಿನ ಎದ್ದು ಕೂತಾಗ ಮುಖಕ್ಕೆ ಸೂರ್ಯ ಕಾಣಬೇಕು. ತಲೆಗೊಂದು ದೊಡ್ಡ ಕಲ್ಲು, ಕಾಲಿಗೊಂದು ಚಿಕ್ಕದು. ಇದೋ ದೊಡ್ಡದು, ದುಂಡು ಮಾಡಿದ್ದು, ಯಾರದೋ ತಲೆಗಲ್ಲು. ಹಾಗಾದರೆ ಇದಕ್ಕೆ ಬೆನ್ನು ಕೊಟ್ಟು ನಿಂತ ಆ ಪುಟ್ಟ ಕಲ್ಲು, ತಾನು ಐವತ್ತಮೂರು ವರ್ಷದಿಂದ ಆಬ್ನರ್ ಲೆಡ್‌ಫೋರ್ಡನ ತಲೆಗಲ್ಲೆಂದು ತೋರಿಸುತ್ತಾ ಬಂದದ್ದು?

ಅದು ಅವನದೇ. ಆದರೆ ಅವನ ಕಾಲುಗಲ್ಲು. ಅವನು ಮಲಗಿರುವುದು ಅದರ ಆ ಕಡೆ, ಪಶ್ಚಿಮಕ್ಕೆ. ಅಷ್ಟು ಜಮೀನಿದ್ದವನಿಗೆ ಇಷ್ಟು ಪುಟ್ಟ ತಲೆಗಲ್ಲೇಕೆ ಎಂದು ಅವಳು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆರಡಿ ಪಶ್ಚಿಮಕ್ಕೆ ದೊಡ್ಡ ಕಲ್ಲೊಂದಿತ್ತು, ಅದೇ ಅವನ ತಲೆಗಲ್ಲು. ಇಷ್ಟು ದಿನ ಅದು ಯಾರದೋ ಗೊತ್ತಿಲ್ಲವೆಂದು ಬಿಟ್ಟಿದ್ದಳು. ಅವಳು ಹೂವಿಡುತ್ತಾ ಬಂದದ್ದು ಅವನ ಕಾಲಿನಾಚೆ ಮಲಗಿದ ಇನ್ನೊಬ್ಬರ ಮೇಲೆ.

ಅಪ್ಪ ತಪ್ಪು ಹೇಳಿರಲಿಲ್ಲ. ಅವಳಿಗೆ ಒಂಬತ್ತು ವರ್ಷ, ಅಂದೂ ಸಿಂಗಾರದ ಭಾನುವಾರ, ಮೇಣದಲ್ಲಿ ಅದ್ದಿದ ಕಾಗದದ ಹೂಗಳ ಬುಟ್ಟಿ ಅವಳ ಕೈಯಲ್ಲಿ. ಅಪ್ಪ ಕಲ್ಲಿನತ್ತ ಬೆರಳು ಮಾಡಿ, “ಸರ್ಕೋ ಮಗಳೇ, ಮುದುಕನ ಎದೆ ಮೇಲೆ ನಿಂತಿದ್ದೀಯ” ಎಂದಿದ್ದ. ಆ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಹೊತ್ತಿನಲ್ಲಿ ಕಲ್ಲು ತನ್ನ ಮುಂದಿತ್ತು, ಬೆಳಗಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು ಎಂಬುದೂ ನೆನಪಿತ್ತು. ಬಿಸಿಲು ಕಣ್ಣಿಗೆ ಬೀಳಬೇಕಾದರೆ ಅವಳು ಪೂರ್ವಕ್ಕೆ ಮುಖ ಮಾಡಿ, ಕಲ್ಲಿನ ಪಶ್ಚಿಮಕ್ಕೆ ನಿಂತಿರಬೇಕು. ಮುದುಕ ಇದ್ದದ್ದು ಆಗ ಅವಳು ನಿಂತಿದ್ದ ಜಾಗದ ಕೆಳಗೇ. ಅಪ್ಪನ ಮಾತನ್ನು ಜೋಪಾನ ಮಾಡಿ, ಸೂರ್ಯ ಎಲ್ಲಿದ್ದ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಗೋಣಿಯ ಮೇಲೆ ಕೂತಿದ್ದ ಹಾಗೇ ಅವಳಿಗೆ ಕೊರೀನ್ ಫೋರ್ನಿ ನೆನಪಾದಳು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಕೊರೀನ್ ಕೆಳಗಿನ ಬೀದಿಯ ಕಪ್ಪು ಜನರ ಪೈಕಿ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ಒಂದು ಸಂಜೆ ಕೆಲಸ ಮುಗಿಸಿ, ಕಾಫಿ ಡಬ್ಬಿಯೊಂದರಲ್ಲಿ ತೋಟದ ಹೂ ಹಿಡಿದು, ಸ್ಮಶಾನದ ಗೇಟಿನ ಹೊರಗೆ ನಿಂತಿದ್ದಳು. ಐವಾ ಡೀನ್ ಕರೆಯುವವರೆಗೆ ಒಳಗೆ ಬರಲಿಲ್ಲ. ಲೆಡ್‌ಫೋರ್ಡರ ಮನೆಯಲ್ಲಿ ಗುಲಾಮರಾಗಿದ್ದವರನ್ನೆಲ್ಲ ಸ್ಮಶಾನದ ಬೇಲಿಯಾಚೆ, ಕೆಳಗಿನ ಇಳಿಜಾರಿನಲ್ಲಿ ಹೂಳಿದ್ದು ಊರಿಗೆ ಗೊತ್ತಿದ್ದ ವಿಷಯ. ಆದರೆ ತಮ್ಮ ಮೂಲದಜ್ಜಿ ಡಾರ್ಕಸ್ ಒಬ್ಬಳನ್ನು ಮಾತ್ರ ಬೇಲಿಯ ಒಳಗೆ, ಹಳೇ ಲೆಡ್‌ಫೋರ್ಡನ ಕಾಲ ಬುಡದಲ್ಲಿ ಮಲಗಿಸಿದ್ದಾರೆಂದು ತನ್ನ ಅಜ್ಜಿ ಹೇಳುತ್ತಿದ್ದಳು, ಆ ಜಾಗ ತೋರಿಸುತ್ತೀರಾ ಎಂದು ಕೇಳಿದ್ದಳು. ಐವಾ ಡೀನ್ ತಾನು ತಿಳಿದ ಸಮಾಧಿಯ ಕಾಲ ತುದಿಗೆ ಅವಳನ್ನು ಕರೆದುಕೊಂಡು ಹೋದಳು. ಅಲ್ಲಿ ನೆಲಕ್ಕೆ ಸಮನಾಗಿ ಬಂಡೆಯ ಹಾಸು. ಹಿಮ್ಮಡಿಯಿಂದ ಅದನ್ನು ಕುಟ್ಟಿ ತೋರಿಸಿದಳು.

“ನೋಡು ಕೊರೀನ್, ಬರೀ ಬಂಡೆ. ಗುದ್ದಲಿ ಒಂದು ಗೇಣೂ ಇಳಿಯಲ್ಲ. ನಿನ್ನಜ್ಜಿ ಎಲ್ಲೋ ತಪ್ಪು ತಿಳ್ಕೊಂಡಿರ್ಬೇಕು.”

ಕೊರೀನ್ ಸ್ವಲ್ಪ ಹೊತ್ತು ಬಂಡೆಯನ್ನೇ ನೋಡಿ, ತೊಂದರೆ ಕೊಟ್ಟೆ ಮಿಸ್ ಐವಾ ಡೀನ್ ಎಂದು ಅಲ್ಲಿನ ಮರ್ಯಾದೆಯ ರೂಢಿಯಂತೆ ಹೇಳಿ, ಹೂವಿನ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಇಳಿದುಹೋದಳು. ಪಾಪ, ಇದ್ದದ್ದು ಇದ್ದ ಹಾಗೆ ಹೇಳಿ ಒಳ್ಳೆಯದೇ ಮಾಡಿದೆ ಎಂದುಕೊಂಡು ಐವಾ ಡೀನ್ ಮನೆಗೆ ಬಂದಿದ್ದಳು. ಕೊರೀನ್ ತೀರಿಕೊಂಡು ಈಗ ಹತ್ತು ವರ್ಷ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಲ್ಲಿ ಸುಮ್ಮನೆ ಹೇಳಿಲ್ಲ. ಮೂರು ದಿನ ಐವಾ ಡೀನ್ ಸರಿಯಾಗಿ ಉಣ್ಣಲಿಲ್ಲ. ಚರ್ಚಿನಲ್ಲಿ ಹಾಡುವಾಗ ಬಾಯಿ ಮಾತ್ರ ಆಡುತ್ತಿತ್ತು. ಒಂದು ಕಲ್ಲನ್ನು ತಪ್ಪು ಹೇಳಿದವಳು ಇನ್ನುಳಿದ ಇನ್ನೂರ ಹನ್ನೊಂದನ್ನು ಸರಿ ಹೇಳಿದ್ದಾಳೆಂದು ಯಾರು ನಂಬುತ್ತಾರೆ? ಒಹಾಯೊದವರು ಅತ್ತ ಕಣ್ಣೀರೆಲ್ಲ ಯಾರ ಯಾರ ಮೇಲೆ ಬಿತ್ತೋ ಎಂದು ಜನ ಆಡಿಕೊಳ್ಳುವುದಿಲ್ಲವೆ? ಜೀವಮಾನದಲ್ಲಿ ಅವಳು ಗಳಿಸಿದ್ದು ಆ ಒಂದು ನಂಬಿಕೆ. ಅದನ್ನು ತಾನೇ ಬೀದಿಗೆ ಹಾಕಬೇಕಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ, ಹುರುಳಿಕಾಯಿ ಪಲ್ಯ, ಮೆಕ್ಕೆಜೋಳದ ರೊಟ್ಟಿ ಮುಂದಿಟ್ಟುಕೊಂಡು ಕೂತಿದ್ದಾಗ ಹೋಬರ್ಟನಿಗೆ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿ, ರೊಟ್ಟಿಗೆ ಬೆಣ್ಣೆ ಸವರಿದ.

“ಆರಡಿ. ಅತ್ತ ಆರಡಿ, ಇತ್ತ ಆರಡಿ. ನೂರೆಂಬತ್ತು ವರ್ಷ ಆದ್ಮೇಲೆ ಅಳತೆ ಪಟ್ಟಿ ಹಿಡ್ಕೊಂಡು ಯಾರೇ ಬರ್ತಾರೆ?”

“ಕೊರೀನ್ ಬಂದಿದ್ಲು” ಎಂದಳು ಐವಾ ಡೀನ್.

ಹೋಬರ್ಟ್ ಚಾಕು ಕೆಳಗಿಟ್ಟ. ಟ್ರಕ್ಕಿನಲ್ಲಿ ತಾನೇ ಕರೆದುಕೊಂಡು ಹೋಗಲೇ ಎಂದು ಕೇಳಿದ. ಬೇಡವೆಂದು ಅವಳು ನಡೆದೇ ಹೊರಟಳು.

ಕೊರೀನಳ ಮಗಳು ಓಝೆಲ್ಲಾ ಕೆಳಗಿನ ಬೀದಿಯಲ್ಲಿ ತಾಯಿಯ ಮನೆಯಲ್ಲೇ ಇದ್ದಾಳೆ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಊರಿನ ಅರ್ಧ ಮಕ್ಕಳನ್ನು ಬೈದು ಸೀಟಿನಲ್ಲಿ ಕೂರಿಸಿದ ಗಂಟಲು ಅವಳದು. ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದವಳು ಐವಾ ಡೀನ್ ಮೆಟ್ಟಿಲು ಹತ್ತುವುದನ್ನು ಕಂಡು ಕುರ್ಚಿ ಎಳೆದುಕೊಟ್ಟಳು. ಐವಾ ಡೀನ್ ಕೂರಲಿಲ್ಲ. ಕೂತರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು. ನಿಂತೇ, ಬಳ್ಳಿ ಕಿತ್ತಲ್ಲಿಂದ ಹಿಡಿದು ಅಪ್ಪನ ಮಾತು, ಸೂರ್ಯ, ತಲೆಗಲ್ಲು ಕಾಲುಗಲ್ಲು, ಬಂಡೆಯನ್ನು ಹಿಮ್ಮಡಿಯಿಂದ ಕುಟ್ಟಿದ್ದು, ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದಳು.

ಓಝೆಲ್ಲಾ ತಲೆಯೆತ್ತದೆ ಕೇಳಿಸಿಕೊಂಡಳು. ಕೈ ಮಾತ್ರ ಬಟಾಣಿ ಬಿಡಿಸುತ್ತಲೇ ಇತ್ತು.

“ಅವತ್ತು ಅಮ್ಮ ಮನೆಗೆ ಬಂದು ಆ ಹೂವನ್ನ ಹಿತ್ತಲಿಗೆ ಎಸೆದ್ಲು” ಎಂದಳು ಕೊನೆಗೆ. “ನಮ್ಮಜ್ಜಿ ಒಂದು ಸುಳ್ಳು ಕಟ್ಟಿ ನಮ್ಮನ್ನ ಬೆಳೆಸಿದ್ಲು ಅಂದ್ಲು. ಆಮೇಲೆ ಅಜ್ಜಿ ಕತೆ ಒಂದನ್ನೂ ಹೇಳಲಿಲ್ಲ ನಮಗೆ. ಒಂದನ್ನೂ. ಸಾಯೋವರೆಗೂ. ನಿಮಗೆ ಗೊತ್ತಾಗ್ತಿದ್ಯಾ ಮಿಸ್ ಐವಾ ಡೀನ್, ನೀವು ಕುಟ್ಟಿದ್ದು ಬರೀ ಬಂಡೆ ಅಲ್ಲ.”

ಗೊತ್ತಾಗಿದೆ, ಅದಕ್ಕೇ ಬಂದೆ ಎಂದಳು ಐವಾ ಡೀನ್. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಇಲ್ಲಿ ನಿಂತ ಮೇಲೆ ಆ ಮಾತು ತೀರಾ ಸಣ್ಣದೆನಿಸಿ ನಾಚಿಕೆಯಾಯಿತು, ಆದರೂ ಹೇಳಿದಳು. ಓಝೆಲ್ಲಾ ಬಟಾಣಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ಏನನ್ನೋ ಯೋಚಿಸಿ, ಕತ್ತೆತ್ತಿದಳು.

“ತಾಳಿ. ಹಾಗಾದ್ರೆ ಪ್ರತೀ ವರ್ಷ ಆ ಮುದುಕನಿಗೆ ಅಂತ ಬಾವುಟ ನೆಡ್ತಿದ್ರಲ್ಲ, ಅದನ್ನ ನೆಡ್ತಿದ್ದಿದ್ದು…”

“ನಿಮ್ಮ ಡಾರ್ಕಸ್ ಮೇಲೆ.”

“ಹೂವು?”

“ಅವಳ ಮೇಲೇನೇ. ಐವತ್ಮೂರು ವರ್ಷ.”

“ಕಹಳೆ ಊದಿ ಬಂದೂಕು ಹಾರಿಸಿದ್ರಲ್ಲ ಒಂದ್ಸಲ?”

“ಎರಡ್ಸಲ” ಎಂದಳು ಐವಾ ಡೀನ್, ತಪ್ಪಿತಸ್ಥಳ ದನಿಯಲ್ಲಿ.

ಓಝೆಲ್ಲಾಗೆ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ಕುರ್ಚಿಯೇ ಅಲುಗತೊಡಗಿತು. “ಕೊಂಡುಕೊಂಡೋನಿಗೆ ಒಂದು ದಂಟು ಹೂವಿಲ್ಲ. ಅವನು ಕೊಂಡು ತಂದೋಳಿಗೆ ಬಂದೂಕಿನ ಮರ್ಯಾದೆ. ಅದೂ ಲೆಡ್‌ಫೋರ್ಡರ ಖರ್ಚಲ್ಲಿ” ಎಂದು ನಕ್ಕಳು, ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಅತ್ತಳು. ಐವಾ ಡೀನ್ ಈಗ ಕುರ್ಚಿಯಲ್ಲಿ ಕೂತಳು. ಇಬ್ಬರೂ ಸೇರಿ ಉಳಿದ ಬಟಾಣಿ ಬಿಡಿಸಿ ಮುಗಿಸಿದ ಮೇಲೆ ಓಝೆಲ್ಲಾ ಕಾರಿನ ಕೀಲಿ ತೆಗೆದುಕೊಂಡು, ನಡೀರಿ, ತೋರಿಸಿ ಎಂದಳು.

ಗುಡ್ಡದ ಮೇಲೆ ಓಝೆಲ್ಲಾ ಹೂತ ಕಲ್ಲಿನ ದುಂಡು ಅಂಚನ್ನು ಒಂದು ಸಲ ಮುಟ್ಟಿದಳು. ಅಲ್ಲಿ ಅಕ್ಷರವಿಲ್ಲ, ಗುರುತಿಲ್ಲ. ಇದು ಡಾರ್ಕಸಳದೇ ಎಂದು ಆಣೆ ಮಾಡಲಾರೆ, ಆಬ್ನರನ ಕಾಲ ಬುಡ ಇದು ಎಂದಷ್ಟೇ ಹೇಳಬಲ್ಲೆ ಎಂದು ಐವಾ ಡೀನ್ ಮೊದಲ ಬಾರಿಗೆ ಅಳೆದು ತೂಗಿ ಮಾತಾಡಿದಳು. ಅಷ್ಟರಲ್ಲಿ ಓಝೆಲ್ಲಾಳ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. ಪಿಂಗಾಣಿ ಚೂರುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಇವು ಎಲ್ಲಿ ಸಿಕ್ಕವು ಎಂದು ಕೇಳಿದಳು. ಇಲ್ಲೇ, ಯಾರೋ ಎಸೆದ ಕಸ, ಹೋಬರ್ಟ್ ಇಷ್ಟು ವರ್ಷದಿಂದ ಬೇಲಿಯಾಚೆಗೆ ಬಿಸಾಡುತ್ತಲೇ ಇದ್ದಾನೆ ಎಂದಳು ಐವಾ ಡೀನ್.

“ಕಸ ಅಲ್ಲ ಇದು” ಎಂದಳು ಓಝೆಲ್ಲಾ. “ಸತ್ತೋರು ಕೊನೇದಾಗಿ ಯಾವ ಬಟ್ಟಲಲ್ಲಿ ಕುಡಿದ್ರೋ ಅದನ್ನ ಒಡೆದು ಅವರ ಮೇಲೇ ಇಡ್ತೀವಿ ನಾವು. ಬೇಲಿ ಕೆಳಗೆ ನೋಡಿ, ನಮ್ಮೋರೆಲ್ಲರ ಮೇಲೂ ಇದೆ. ನಿಮ್ಮೋರು ಯಾರಾದ್ರೂ ಹೀಗೆ ಮಾಡ್ತಾರಾ?”

ಮಾಡುವುದಿಲ್ಲ. ಈ ಬೇಲಿಯೊಳಗೆ ಇನ್ನೂರಕ್ಕೂ ಹೆಚ್ಚು ಸಮಾಧಿಗಳಲ್ಲಿ ಮತ್ತೆಲ್ಲೂ ಒಂದು ಚೂರು ಪಿಂಗಾಣಿ ಕಂಡದ್ದಿಲ್ಲ. ಅಂದರೆ ಈ ಹೆಣ್ಣು ತಾನು ಯಾರೆಂದು ನೂರಕ್ಕೂ ಹೆಚ್ಚು ವರ್ಷದಿಂದ ಹೇಳುತ್ತಲೇ ಇದ್ದಳು. ಕೇಳಿಸಿಕೊಳ್ಳಬೇಕಾದವಳು ಅದನ್ನು ಬಕೆಟ್ಟಿಗೆ ಹಾಕುತ್ತಿದ್ದಳು. ಐವಾ ಡೀನ್ ಮಂಡಿಯೂರಿ ಬಕೆಟ್ಟನ್ನು ಮಗ್ಗುಲಾಗಿಸಿ, ಚೂರುಗಳನ್ನು ಸಿಕ್ಕಿದಲ್ಲೇ ಮತ್ತೆ ಇಟ್ಟಳು. ಎರಡು ಚೂರಿನ ಜಾಗ ನೆನಪಾಗಲಿಲ್ಲ, ಅವನ್ನು ಓಝೆಲ್ಲಾಳ ಕೈಗೆ ಕೊಟ್ಟಳು.

ರಾಯ್ಸ್ ಲೆಡ್‌ಫೋರ್ಡನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವನು ಕೆಟ್ಟವನಲ್ಲ, ಆದರೆ ಕಾರ್ಯಕ್ರಮದ ಕಾಗದ ಅಚ್ಚಾಗಿತ್ತು, ನಾಲ್ಕು ರಾಜ್ಯಗಳಿಂದ ಲೆಡ್‌ಫೋರ್ಡರು ಬರುವವರಿದ್ದರು. ಬಂಡೆಯನ್ನು ಆರಡಿ ಹಿಂದಕ್ಕೆ ನಿಲ್ಲಿಸೋಣ, ಅದು ದೊಡ್ಡದಲ್ಲ, ಯಾರಿಗೂ ಏನೂ ಹೇಳುವುದು ಬೇಡ ಎಂದ. ಹಾಗೆ ಆಗುವುದಿಲ್ಲವೆಂದು ಅವಳು ಪಟ್ಟು ಹಿಡಿದಳು. ಐವತ್ತಮೂರು ವರ್ಷ ಎಲ್ಲರ ಮುಂದೆ ತೋರಿಸಿದ ತಪ್ಪನ್ನು ಎಲ್ಲರ ಮುಂದೆಯೇ ತಿದ್ದಬೇಕೆಂದಳು. ಅವನು ಕೆಂಪಾದ. ನೀವೇ ತಪ್ಪು ಅಂದರೆ ನಿಮ್ಮ ರುಜು ಇರುವ ನನ್ನ ಅರ್ಜಿಯ ಗತಿಯೇನು, ನಾಳೆ ಬೇರೆಯವರ ಸಮಾಧಿಯ ಬಗ್ಗೆ ನೀವು ಹೇಳಿದ್ದನ್ನು ಯಾರು ಕೇಳುತ್ತಾರೆ ಎಂದ.

“ಕೇಳದಿದ್ರೆ ಬೇಡ ರಾಯ್ಸ್” ಎಂದಳು ಅವಳು. “ಯಾರೂ ಕೇಳಬಾರದು ಅಂತಾನೇ ಆದ್ರೆ, ಅದನ್ನೂ ಅನುಭವಿಸ್ತೀನಿ.”

ಸಿಂಗಾರದ ಭಾನುವಾರ ಗುಡ್ಡವೆಲ್ಲ ಬಣ್ಣವಾಗಿತ್ತು. ಓಕ್ ಮರದ ಕೆಳಗಿನ ಉದ್ದ ಮೇಜಿನ ಮೇಲೆ ಹುರಿದ ಕೋಳಿ, ಬಾಳೆಹಣ್ಣಿನ ಪುಡಿಂಗು, ಒಣಸೇಬಿನ ಪದರದ ಕೇಕು, ಇಷ್ಟಿಷ್ಟು ದೊಡ್ಡ ಜಾಡಿಗಳಲ್ಲಿ ಸಿಹಿ ಚಹಾ. ಬೇಲಿಯ ಕೆಳಗೆ ಮಾತ್ರ ಹೂವಿಡುತ್ತಿದ್ದ ಫೋರ್ನಿ ಮನೆಯ ಹದಿನಾಲ್ಕು ಜನ ಮೊದಲ ಸಲ ಗೇಟಿನೊಳಗೆ ಬಂದು ನಿಂತಿದ್ದರು. ಪಾದ್ರಿ ಪ್ರಾರ್ಥನೆ ಮುಗಿಸುತ್ತಿದ್ದಂತೆ ಐವಾ ಡೀನ್ ಮುಂದೆ ಬಂದಳು. ಕೈಯಲ್ಲಿ ಚೀಟಿ ಇರಲಿಲ್ಲ. ಜಗಲಿಯಲ್ಲಿ ಹೇಳಿದ್ದನ್ನೇ ಹೇಳಿದಳು, ಕೊರೀನಳನ್ನು ವಾಪಸು ಕಳಿಸಿದ್ದನ್ನೂ ಬಿಡದೆ ಹೇಳಿದಳು. 

ಅವಳು ಹೆದರಿದ್ದೇ ಆಯಿತು. ಒಹಾಯೊದಿಂದ ಬಂದಿದ್ದ ಒಬ್ಬ ಮುದುಕ ಎದ್ದು, ಹಾಗಾದರೆ ನಮ್ಮಜ್ಜನ ಕಲ್ಲೂ ತಪ್ಪೇ ಎಂದು ಕೇಳಿಯೇಬಿಟ್ಟ. ಕೆಲವರು ತಲೆ ತಗ್ಗಿಸಿದರು. ಐವಾ ಡೀನ್ ಅವನನ್ನೇ ನೋಡಿ, ನಿಮ್ಮಜ್ಜನ ಕಲ್ಲು ಸರಿಯೆಂದೇ ನನ್ನ ನೆನಪು, ಆದರೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಿದ್ದರು, ಅದನ್ನು ನಾನು ಯಾವತ್ತೂ ಕೇಳಲಿಲ್ಲ ಎಂದಳು. ಮುದುಕ ಯೋಚಿಸಿ, ಅಜ್ಜನ ಪಕ್ಕದಲ್ಲಿ ಹುಟ್ಟುತ್ತಲೇ ಸತ್ತ ಅವಳಿಗಳಿವೆ ಎಂದು ಅಮ್ಮ ಹೇಳುತ್ತಿದ್ದಳು ಎಂದ. ಆ ಕಲ್ಲಿನ ಪಕ್ಕದಲ್ಲಿ ಎರಡು ಪುಟ್ಟ ಕಲ್ಲುಗಳಿರುವುದು ಐವಾ ಡೀನ್‌ಗೆ ಗೊತ್ತಿತ್ತು, ಯಾರ ಮಕ್ಕಳೆಂದು ಗೊತ್ತಿರಲಿಲ್ಲ. ಅದಾದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬರ ಮನೆಯಲ್ಲಿ ಒಂದು ಹೆಸರಿತ್ತು, ಇನ್ನೊಬ್ಬರ ಹತ್ತಿರ ಒಂದು ಫೋಟೋ, ಮತ್ತೊಬ್ಬರಿಗೆ ಸೇಬಿನ ಮರದ ನೆನಪು. ಐವತ್ತಮೂರು ವರ್ಷ ಅವಳು ಹೇಳುತ್ತಿದ್ದಳು, ಜನ ಕೇಳುತ್ತಿದ್ದರು. ಅಂದು ಊಟ ಆರಿಹೋಗುವವರೆಗೂ ಅವಳು ಸಾಲು ಸಾಲಿನಲ್ಲಿ ನಡೆದು ಕೇಳಿದಳು, ರಾಯ್ಸ್ ತನ್ನ ಕಾರ್ಯಕ್ರಮದ ಕಾಗದಗಳ ಹಿಂಬದಿಯಲ್ಲಿ ಬರೆದುಕೊಂಡ.

ಡಾರ್ಕಸ್‌ಗೂ ಒಂದು ಫಲಕ ಆಗಬೇಕೆಂದು ಅಲ್ಲೇ ತೀರ್ಮಾನವಾಯಿತು. ರಾಯ್ಸ್ ಹೊಸ ಅರ್ಜಿ ತೆಗೆದು, ಆಧಾರ ಎಂಬಲ್ಲಿ ಪೆನ್ನು ನಿಲ್ಲಿಸಿ, ಏನು ಬರೆಯಲಿ ಎಂದು ಓಝೆಲ್ಲಾಳನ್ನು ಕೇಳಿದ.

“ನಮ್ಮಮ್ಮನ ಅಜ್ಜಿ ಮಾತು ಅಂತ ಬರೀರಿ” ಎಂದಳು ಅವಳು. “ಅದರ ಕೆಳಗೆ ಮಿಸ್ ಐವಾ ಡೀನ್ ಮಾತು ಅಂತ್ಲೂ ಬರೀರಿ. ತಪ್ಪು ಹೇಳಿದ್ದೆ ಅಂತ ಮನೆ ಬಾಗಿಲಿಗೆ ಬಂದು ಹೇಳಿದೋರು ಈ ಊರಲ್ಲಿ ಇನ್ನು ಯಾರಿದ್ದಾರೆ?”

ಐವಾ ಡೀನ್ ರುಜು ಹಾಕಿದಳು. ಈ ಸಲ ಬರೆದದ್ದನ್ನು ಎರಡು ಬಾರಿ ಓದಿದ ಮೇಲೆ.

ಪಾತ್ರೆ ಪಗಡೆ ಎತ್ತಿಟ್ಟು ಜನ ಚದುರುವ ಹೊತ್ತಿಗೆ ಓಝೆಲ್ಲಾ ಬಂದು ಅವಳ ತೋಳು ಹಿಡಿದು, ಇನ್ನೊಂದು ಕಡೆ ಹೋಗುವುದಿದೆ ಎಂದಳು. ಎಲ್ಲಿಗೆಂದು ಐವಾ ಡೀನ್ ಕೇಳಲಿಲ್ಲ. ಕೆಳಗಿನ ಬೀದಿಯ ಚರ್ಚಿನ ಹಿಂದೆ ಕೊರೀನಳ ಸಮಾಧಿ. ಅದಕ್ಕೆ ಹೆಸರು ಕೆತ್ತಿದ ಕಲ್ಲಿದೆ, ಯಾರೂ ತೋರಿಸಬೇಕಾಗಿಲ್ಲ. ಓಝೆಲ್ಲಾ ಎರಡು ಹೆಜ್ಜೆ ಹಿಂದೆ ನಿಂತಳು. ಐವಾ ಡೀನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಬದುಕಿದ್ದಾಗ ಇವಳನ್ನು ಅವಳು ಕೊರೀನ್ ಎಂದಷ್ಟೇ ಕರೆದಿದ್ದಳು, ನೀನು ಎಂದಷ್ಟೇ ಮಾತಾಡಿದ್ದಳು.

“ಮಿಸೆಸ್ ಫೋರ್ನಿ” ಎಂದಳು. “ನಿಮ್ಮಜ್ಜಿ ಹೇಳಿದ್ದೇ ಸರಿ. ಡಾರ್ಕಸ್ ಅಲ್ಲೇ ಇದ್ದಾರೆ.”